ಮಾನಿಟರ್ ಬಿಚ್ಚೋದಾದರೆ ಹಾಸಿನ ಮೇಲೆ ಬೇಡ

ಮನೆಯಲ್ಲಿ ಏನಾದರೂ ಕೆಟ್ಟರೆ ಸಾಕು, ನಮ್ಮ ಪಕ್ಕದ ಮನೆಯ ಮಮತ್ಕುಲ್‌ಗೆ ಕೈ ತುರಿಸುತ್ತದೆ. ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದ ಮನುಷ್ಯ. ಸ್ಕ್ರೂಡ್ರೈವರ್ ಹಿಡಿದನೆಂದರೆ ಹೆಂಡತಿಯ ಮಾತು ಕಿವಿಗೆ ಬೀಳುವುದಿಲ್ಲ.

ಈ ಸಲ ಮಾತ್ರ ಹೆಂಡತಿ ಬುರುಲ್ಚಾಳೇ ಕೇಳಿಕೊಂಡಿದ್ದಳು. ಅವಳು ಉಣ್ಣೆಯ ಹಾಸು ಮಾಡುವವಳು. ಅವಳ ತಾಯಿ ಕಾಗದದ ಮೇಲೆ ಬರೆದಿಟ್ಟ ಟಗರಿನ ಕೊಂಬಿನ ಚಿತ್ತಾರಗಳು ಮಾಸಿವೆ, ಇವಳ ಕಣ್ಣೂ ಮಂಜಾಗಿದೆ. ಹಳೇ ಕಂಪ್ಯೂಟರ್ ಮಾನಿಟರ್ ಒಳಗೆ ದಪ್ಪ ಪ್ಲಾಸ್ಟಿಕ್ ಹಲಗೆ, ಬಿಳಿ ಹಾಳೆ ಇರುತ್ತವೆ, ಕೆಳಗಿನಿಂದ ಬೆಳಕು ಬಿಟ್ಟರೆ ಮೇಲಿಟ್ಟ ಕಾಗದದ ಗೆರೆ ಎದ್ದು ಕಾಣುತ್ತದೆ, ಹೊಸ ಹಾಳೆಗೆ ನಕಲು ಮಾಡಿಕೊಳ್ಳಬಹುದು ಎಂದು ಯಾರೋ ಹೇಳಿದ್ದರು.

ಮಗನ ಹಳೇ ಮಾನಿಟರ್ ಕೆಟ್ಟು ಮೂಲೆ ಸೇರಿತ್ತು. ಮಮತ್ಕುಲ್ ಅದನ್ನು ತಂದು ನಡುಮನೆಯ ಹಾಸಿನ ಮೇಲೆ ಮಲಗಿಸಿದ. ಪಕ್ಕದಲ್ಲಿ ಚಹಾದ ಬಟ್ಟಲು. ನಾವೆಲ್ಲ ಹಾಗೇ, ಊಟ, ನಿದ್ದೆ, ಕೆಲಸ ಎಲ್ಲವೂ ಹಾಸಿನ ಮೇಲೆಯೇ. ಎಂಟು ತಿಂಗಳ ಮೊಮ್ಮಗಳು ಮೀರಿಮ್ ಅದೇ ಹಾಸಿನ ಮೇಲೆ ಅಂಬೆಗಾಲಿಡುತ್ತಾ ತಾತನ ಕಡೆಗೆ ಬರುತ್ತಿದ್ದಳು.

ಅಷ್ಟರಲ್ಲಿ ಮಗುವಿನ ತೂಕ ನೋಡಲು ನರ್ಸ್ ಸಾಬಿರಾ ಬಂದಳು. ಮಾನಿಟರಿನ ಹಿಂಬದಿಯ ಮುಚ್ಚಳ ಆಗಲೇ ತೆರೆದಿತ್ತು.

"ಮಾವ, ಕೈ ತೆಗೀರಿ! ಅಲ್ಲಿಗೇ ನಿಲ್ಸಿ."

"ಬಾರಮ್ಮಾ, ಮೊದ್ಲು ಚಹಾ ಕುಡಿ. ಆಮೇಲೆ ಬೈಯುವಂತೆ."

"ಇದು ಹಳೇ ಕಾಲದ್ದು. ಪರದೆ ಬೆಳಗೋಕೆ ಒಳಗೆ ಕಡ್ಡಿಯಂಥ ಗಾಜಿನ ಟ್ಯೂಬ್ ಇರ್ತವೆ. ಅದರಲ್ಲಿ ಪಾದರಸ ಇದೆ. ಒಡೆದ್ರೆ ಮನೆಮಂದಿಯೆಲ್ಲ ಅದರ ಆವಿ ಕುಡೀಬೇಕು."

"ಎಷ್ಟಿರತ್ತೆ? ಸಾಸಿವೆಯಷ್ಟೂ ಇರಲ್ಲ. ಟ್ರ್ಯಾಕ್ಟರ್ ಇಂಜಿನ್ನೇ ಬಿಚ್ಚಿದವನಿಗೆ ಈ ಡಬ್ಬ ತೋರಿಸಿ ಹೆದರಿಸ್ತೀಯಾ?"

"ಸ್ವಲ್ಪವೇ, ನಿಜ. ಆದ್ರೆ ಹಾಸಿನೊಳಗೆ ಇಳಿದ್ರೆ?"

"ಇಳೀಲಿ. ಹೊರಗೆ ತಗೊಂಡೋಗಿ ಕೋಲಲ್ಲಿ ನಾಲ್ಕು ಬಡಿದ್ರಾಯ್ತು."

ಸಾಬಿರಾ ವಾದ ಬೆಳೆಸಲಿಲ್ಲ. ಬುರುಲ್ಚಾಳನ್ನು ಕೇಳಿದಳು: "ಅತ್ತೆ, ಈ ಹಾಸು ಬಡಿದಿದ್ದು ಯಾವಾಗ?"

"ನಿನ್ನೇನೇ ಕಣೇ. ತೋಳು ಇನ್ನೂ ನೋಯ್ತಿದೆ. ಹುಡುಕಿದ್ರೂ ಧೂಳು ಸಿಗಲ್ಲ."

ಕಿಟಕಿಯ ಬಿಸಿಲು ಬೀಳುವ ಕಡೆ ಬಗ್ಗಿ ಸಾಬಿರಾ ಅಂಗೈಯಿಂದ ಹಾಸಿನ ಮೇಲೆ ಒಂದೇಟು ಕೊಟ್ಟಳು. ಧೂಳು ಹೊಗೆಯಂತೆ ಎದ್ದಿತು, ಸರಿಯಾಗಿ ಮೀರಿಮಳ ಮೂಗಿನ ಮಟ್ಟಕ್ಕೆ. ಮಗು ಸೀನಿತು.

ಮಮತ್ಕುಲ್‌ನ ಮುಖ ಸಪ್ಪಗಾಯಿತು. "ಇದು ನಿನ್ನೆ ಬಡಿದಿದ್ದಾ?"

"ಉಣ್ಣೆ ನುಂಗಿದ್ದನ್ನ ಬಿಡಲ್ಲ ಮಾವ. ಪಾದರಸಾನೂ ಅಷ್ಟೇ. ನೀವು ಎದ್ದು ಹೋಗ್ತೀರಿ. ಇವಳು ಇಲ್ಲೇ ಆಡ್ತಾಳೆ, ಇಲ್ಲೇ ಮಲಗ್ತಾಳೆ."

ಅವನು ಮಗುವನ್ನು ಎತ್ತಿ ಎದೆಗೊತ್ತಿಕೊಂಡ. ಅವನಿಗೆ ನಿಜಕ್ಕೂ ಭಯವಾಗಿತ್ತು.

"ಹಾಗಾದ್ರೆ ನನ್ನ ಹಲಗೆ?" ಬುರುಲ್ಚಾ ಸಣ್ಣ ದನಿಯಲ್ಲಿ ಕೇಳಿದಳು.

"ಸಿಗತ್ತೆ ಅತ್ತೆ, ಜಾಗ ಬದಲಾಯಿಸೋಣ. ಮಾವ, ಇದರ ಕರೆಂಟ್ ತೆಗೆದು ಎಷ್ಟು ದಿನ ಆಯ್ತು?"

"ಈಗ ತಾನೇ ಹಚ್ಚಿ ನೋಡಿದೆ."

"ಸರಿಹೋಯ್ತು! ವೈರು ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರತ್ತೆ. ನಾಳೆ ತನಕ ಮುಟ್ಟಬೇಡಿ."

ಮರುದಿನ ಕೆಲಸ ಅಂಗಳಕ್ಕೆ ಬಂತು. ಮೇಜಿನ ಮೇಲೆ ಅಂಚಿರುವ ದೊಡ್ಡ ತಗಡಿನ ತಟ್ಟೆ, ಕೈಗೆ ಗವಸು, ಕಣ್ಣಿಗೆ ಕನ್ನಡಕ. ಮೀರಿಮ್ ನಮ್ಮ ಮನೆಯಲ್ಲಿದ್ದಳು. ಟ್ರ್ಯಾಕ್ಟರನ್ನು ಸುತ್ತಿಗೆಯಲ್ಲಿ ಮಾತಾಡಿಸುತ್ತಿದ್ದ ಮಮತ್ಕುಲ್ ಆ ದಿನ ಉಸಿರು ಬಿಗಿಹಿಡಿದು ಕೂತಿದ್ದ. ಕರೆಂಟಿನ ಭಾಗಗಳನ್ನು ಕೆದಕಲಿಲ್ಲ. ಟ್ಯೂಬುಗಳು ಒಡೆಯದೆ ಬಂದವು. ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿದ. ಆರೋಗ್ಯ ಕೇಂದ್ರದ ಒಡೆದ ಥರ್ಮಾಮೀಟರುಗಳ ಜೊತೆ ಸಾಬಿರಾ ಅದನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿದಳು.

ಹಲಗೆಯ ಕೆಳಗೆ ಈಗ ಒಂದು ಎಲ್‌ಇಡಿ ದೀಪವಿದೆ. ಬುರುಲ್ಚಾ ತಾಯಿಯ ಕಾಗದ ಹಾಸಿ, ಅದರ ಮೇಲೆ ಹೊಸ ಹಾಳೆಯಿಟ್ಟು ಮೊದಲ ಗೆರೆ ಎಳೆದಾಗ, "ಅಮ್ಮನ ಕೈ ಕಂಡಂಗಾಯ್ತು" ಎಂದು ಕಣ್ಣೊರೆಸಿಕೊಂಡಳು. ನಾವೆಲ್ಲ ಚಹಾ ಕುಡಿಯುತ್ತಾ ನೋಡುತ್ತಾ ಕೂತೆವು. ತುಂಬಾ ಖುಷಿಯಾಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹಳೇ ಮಾನಿಟರನ್ನು ಬಿಚ್ಚದೆ ಹಾಗೇ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಟ್ಯೂಬ್ ಒಡೆದರೆ ಪೊರಕೆ ಹಿಡಿಯಬೇಡಿ. ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕಳಿಸಿ. ಸ್ವಲ್ಪ ಹೊತ್ತಾದ ಮೇಲೆ ಗವಸು ಹಾಕಿಕೊಂಡು, ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ ಮುಚ್ಚಳದ ಸೀಸೆಗೆ ಹಾಕಿ. ಬಿಚ್ಚಲೇಬೇಕು ಅನ್ನಿಸಿದರೆ, ನಿಮ್ಮ ಮನೆಯ ನೆಲದ ಮೇಲೆ ಯಾರು ಆಡುತ್ತಾರೋ ಅವರ ಹೆಸರನ್ನು ಒಮ್ಮೆ ಹೇಳಿಕೊಳ್ಳಿ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ.