ಬೇರೆಯವರ ಬೀಗ

ಪ್ರಾರ್ಥನೆಯಲ್ಲಿ ಆ ಒಂದು ಸಾಲು ಬಂದಾಗ ನನಗೆ ಕೆಮ್ಮು ಬರುತ್ತಿತ್ತು. ಮೂರು ವರ್ಷ, ಒಂದು ಭಾನುವಾರವೂ ತಪ್ಪದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ದೇವರಿಗೆ ಹೇಳಿ, ಅದರ ಬೆನ್ನಿಗೇ ನಮ್ಮ ತಪ್ಪನ್ನೂ ಹಾಗೇ ಕ್ಷಮಿಸು ಎಂದು ಕೇಳುವ ಸಾಲು. ಮೊದಲರ್ಧಕ್ಕೆ ಕೆಮ್ಮಿ, ಎರಡನೆಯ ಅರ್ಧಕ್ಕೆ ಗಂಟಲು ಸರಿಮಾಡಿಕೊಂಡು ಎಲ್ಲರಿಗಿಂತ ಜೋರಾಗಿ ಸೇರಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ. ಪಕ್ಕದಲ್ಲೇ ನಿಲ್ಲುವ ಹೆಂಡತಿಯನ್ನು ಮರೆತಿದ್ದೆ.

"ಏನ್ರೀ, ಆ ಕೆಮ್ಮಿಗೆ ಔಷಧಿ ತರ್ಲಾ, ಇಲ್ಲ ಪಾದ್ರಿಗಳನ್ನೇ ಕರೀಲಾ?" ಎಂದಳು, ಮನೆಗೆ ನಡೆದು ಬರುವಾಗ.

"ಧೂಳು ಕಣೇ."

"ವಾರವಾರ ಒಂದೇ ಸಾಲಿನ ಮೇಲೆ ಕೂರತ್ತಾ ಧೂಳು?"

ನಾನು ಎಡಗೈಯನ್ನು ಜೇಬಿನಲ್ಲಿ ಇನ್ನಷ್ಟು ಒಳಗೆ ತುರುಕಿದೆ. ಆ ಕೈಗೆ ಈಗ ಮೂರೇ ಬೆರಳು.

ನನ್ನದು ಲಿಫ್ಟ್ ರಿಪೇರಿ ಕೆಲಸ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಲಿಫ್ಟಿನ ನೆತ್ತಿಯ ಮೇಲೆ ಇಳಿಯುವ ಮೊದಲು ಮೆಷಿನ್ ರೂಮಿನ ಮೇನ್ ಸ್ವಿಚ್ ಆರಿಸಿ, ಅದಕ್ಕೆ ನಮ್ಮ ಹೆಸರಿನ ಬೀಗ ಹಾಕಿ, ಕೀಲಿ ನಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬೀಗ ಹಾಕಿದವನೇ ತೆಗೆಯಬೇಕು. ಬೇರೆಯವರ ಬೀಗವನ್ನು ಯಾರೂ ಮುಟ್ಟುವ ಹಾಗಿಲ್ಲ, ಮೇಸ್ತ್ರಿಯೂ ಅಷ್ಟೇ.

ಅವಸರ ಮುಟ್ಟಿದ. ನನ್ನ ಜೊತೆ ಕೆಲಸ ಮಾಡುತ್ತಿದ್ದವನು, ಹಾಗೆ ಹೆಸರಿಟ್ಟವನು ನಾನೇ. ಎರಡು ಮೆಟ್ಟಿಲು ಒಟ್ಟಿಗೆ ಹತ್ತುವ, ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಳ್ಳುವ ಹುಡುಗುಬುದ್ಧಿಯ ಗಂಡಸು. ಮೂರು ವರ್ಷದ ಹಿಂದೆ ನಾನು ಊಟಕ್ಕೆ ಹೋಗಿದ್ದೇನೆ, ಬೀಗ ತೆಗೆಯಲು ಮರೆತಿದ್ದೇನೆ ಎಂದು ತಾನೇ ತೀರ್ಮಾನಿಸಿ, ಅದನ್ನು ಕತ್ತರಿಸಿ ಸ್ವಿಚ್ ಹಾಕಿದ. ನಾನು ಕೆಳಗೆ ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗ ಹಿಡಿದುಕೊಂಡಿದ್ದೆ. ಹಗ್ಗದ ಜೊತೆ ಬೆರಳುಗಳೂ ಗಾಲಿಯೊಳಗೆ ಹೋದವು.

ಆಸ್ಪತ್ರೆಗೆ ಬಂದ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಪಾದ್ರಿಗಳು ಕೇಳಿದಾಗ "ಕ್ಷಮಿಸಿಬಿಟ್ಟೆ" ಎಂದೆ. ಹೇಳುವುದಕ್ಕೇನು, ಬಾಯಿ ಇತ್ತು, ಹೇಳಿದೆ.

ಹೆಂಡತಿ ಕೆಮ್ಮಿನ ಮಾತೆತ್ತಿದ ಆ ಭಾನುವಾರ ಸಂಜೆಯೇ ಮೇಸ್ತ್ರಿ ಮನೆಗೆ ಬಂದರು. ನನ್ನ ಬೆರಳು ಹೋದಂದಿನಿಂದ ಅವಸರ ಸ್ಟೋರಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಈಗ ಸ್ಟೋರನ್ನು ಮುಚ್ಚುತ್ತಾರೆ. ಹಿರಿಯ ಕೆಲಸಗಾರನೊಬ್ಬ ಅವನನ್ನು ಒಂದು ದಿನ ಜೊತೆಗೆ ಕರೆದೊಯ್ದು, ಸರಿ ಎಂದು ಸಹಿ ಹಾಕಿದರೆ ರಿಪೇರಿಗೆ ವಾಪಸ್. ಇಲ್ಲದಿದ್ದರೆ ಮನೆಗೆ.

"ಯಾರೂ ಒಪ್ತಾ ಇಲ್ಲ. ನಾಳೇನೇ ಕೊನೇ ದಿನ. ನೀನೇ ಕರ್ಕೊಂಡು ಹೋದ್ರೆ ಯಾರೂ ತುಟಿ ಬಿಚ್ಚಲ್ಲ ನೋಡು."

"ಆಗಲ್ಲ" ಎನ್ನಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸಣ್ಣಗೆ ಕೆಮ್ಮಿದಳು. ಎಂಥ ಹೆಂಗಸು! "ಹೂಂ" ಎಂದುಬಿಟ್ಟೆ.

ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳಲು ಮೂರು ಸಲ ಪ್ರಯತ್ನಪಟ್ಟೆ. ಭಯವಾಗಿತ್ತು, ಮುಚ್ಚಿಡುವುದೇನಿದೆ. ಇವನಿಗೆ ಒಂದು ಸಹಿಯ ಚಿಂತೆ, ನನಗೆ ಜೀವದ್ದು.

ಒಂಬತ್ತು ಮಹಡಿಯ ಕಟ್ಟಡ. ಅವಸರ ನನ್ನ ಹಿಂದೆ ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಕೂದಲು ನೆರೆತಿತ್ತು. ಮೆಷಿನ್ ರೂಮಿನಲ್ಲಿ ಸ್ವಿಚ್ ಆರಿಸಿದೆ. ಬೀಗ ಸಿಕ್ಕಿಸುವಾಗ ನನ್ನ ಕಣ್ಣೆಲ್ಲ ಅವನ ಕೈಗಳ ಮೇಲೇ. ಆ ಕೈ ಎಲ್ಲಿಗೆ ಹೋಗುತ್ತದೆ, ಏನು ಹಿಡಿಯುತ್ತದೆ? ಅವನು ಅದನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವನಿಗೆ ಇನ್ನೂ ಸ್ವಂತ ಬೀಗ ಕೊಟ್ಟಿರಲಿಲ್ಲ. ಸಹಿಯಾದ ಮೇಲೆಯೇ ಅದು.

"ಇಲ್ಲೇ ನಿಂತಿರು. ಏನನ್ನೂ ಮುಟ್ಟಬೇಡ. ವಾಕಿಟಾಕೀಲಿ ಕರೆದ್ರೆ ಮಾತಾಡು."

"ಆಯ್ತಣ್ಣ."

ಒಂದು ಮಹಡಿ ಇಳಿದು, ಬಾಗಿಲು ತೆರೆದು ಲಿಫ್ಟಿನ ನೆತ್ತಿಯ ಮೇಲೆ ಕಾಲಿಟ್ಟೆ. ಕತ್ತಲೆ, ಗ್ರೀಸಿನ ವಾಸನೆ. ಹಗ್ಗ ಮುಟ್ಟಿದಾಗ ಇಲ್ಲದ ಬೆರಳುಗಳು ನೋಯತೊಡಗಿದವು. ಜೇಬಿನಲ್ಲಿ ಕೀಲಿ ಇದೆಯೇ ಎಂದು ನೋಡಿಕೊಂಡೆ. ಇತ್ತು. ಪಾನಾ ಹಿಡಿದು ಎರಡು ಬೋಲ್ಟು ಬಿಗಿ ಮಾಡಿ ಮತ್ತೆ ನೋಡಿಕೊಂಡೆ.

ಅರ್ಧ ಗಂಟೆಯಾಗಿರಬೇಕು. ಮೇಲೆ ತಗಡಿನ ಬಾಗಿಲು ದಢಾರೆಂದು ಬಡಿಯಿತು. ಯಾರದೋ ಗದರುವ ದನಿ.

"ಏನದು?" ಎಂದೆ ವಾಕಿಟಾಕಿಯಲ್ಲಿ. ಉತ್ತರವಿಲ್ಲ. "ಲೋ, ಏನಾಗ್ತಿದೆ ಅಲ್ಲಿ?" ಬರೀ ಗರಗರ ಸದ್ದು. ದೇವರ ಹೆಸರು ಹೇಳಲೂ ನಾಲಿಗೆ ಹೊರಳಲಿಲ್ಲ. ಪಾನಾ ಬಿಸಾಕಿ, ತೆವಳಿ ಹೊರಬಿದ್ದು, ಮೆಟ್ಟಿಲು ಹತ್ತಿ ಓಡಿದೆ. ಇವತ್ತು ಇವನ ಕೈ ಮುರಿಯುತ್ತೇನೆ, ಆಮೇಲೆ ಬೇಕಾದರೆ ಕ್ಷಮಿಸುತ್ತೇನೆ ಎಂದುಕೊಂಡೇ ಓಡಿದೆ.

ಅವಸರ ಸ್ವಿಚ್ಚಿಗೆ ಅಡ್ಡ ನಿಂತಿದ್ದ. ಅದು ಆರಿಯೇ ಇರಲೆಂದು ಎರಡೂ ಅಂಗೈಗಳಿಂದ ಹಿಡಿಕೆಯನ್ನು ಕೆಳಕ್ಕೆ ಒತ್ತಿ ಹಿಡಿದಿದ್ದ. ಅವನ ತೋಳು ಹಿಡಿದು ಜಗ್ಗುತ್ತಿದ್ದವನು ಕಟ್ಟಡದ ಮ್ಯಾನೇಜರ್. ವಾಕಿಟಾಕಿ ಕಿಟಕಿಯ ಕಟ್ಟೆಯ ಮೇಲಿತ್ತು, ಅವನ ಕೈಗೆ ಎಟುಕದಷ್ಟು ದೂರ.

"ಜನ ನನ್ನ ಪ್ರಾಣ ತಿಂತಿದ್ದಾರೆ! ಬೀಗ ತೆಗೆದಿದೆ ಅಂದ್ರೆ ಕೆಲಸ ಮುಗೀತು ಅಂತ ತಾನೆ? ಬಿಡೋ ಕೈ!" ಎಂದು ಮ್ಯಾನೇಜರ್ ಕೂಗಾಡುತ್ತಿದ್ದ.

ನಾನು ಬೀಗ ನೋಡಿದೆ. ಸಿಕ್ಕಿಸಿದ್ದೆ, ಒತ್ತಿರಲಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ತೂಗಾಡುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಮೊದಲ ಸಲ. ಅವನ ಕೈಗಳನ್ನು ಕಾಯುವ ಭರದಲ್ಲಿ ನನ್ನ ಕೈಯನ್ನು ನಾನು ನೋಡಿರಲಿಲ್ಲ.

ಮ್ಯಾನೇಜರ್ ನನ್ನ ಮುಖ ನೋಡಿ ಗೊಣಗುತ್ತ ಇಳಿದುಹೋದ. ನಾನು ಬೀಗ ಒತ್ತಿದೆ. ಟಿಕ್ ಎಂದಿತು. ಆಗ ಅವಸರ ಕೈ ತೆಗೆದ. ಅಂಗೈಯ ಮೇಲೆ ಹಿಡಿಕೆಯ ಅಚ್ಚು ಕೆಂಪಗೆ ಮೂಡಿತ್ತು.

"ಯಾವಾಗಿಂದ ಹಿಡ್ಕೊಂಡಿದ್ದೀಯ?"

"ನೀವು ಇಳಿದಾಗಿಂದ. ಆಗಲೇ ಕಾಣಿಸ್ತು. ಕೂಗಿದೆ ಅಣ್ಣಾ, ನಿಮಗೆ ಕೇಳಿಸ್ಲಿಲ್ಲ. ಹಿಡಿಕೆ ಬಿಟ್ಟು ಬರೋಕೆ ಧೈರ್ಯ ಬರ್ಲಿಲ್ಲ."

"ಅಯ್ಯೋ ಮಾರಾಯ, ಬೀಗ ಒತ್ತಿಬಿಡೋಕೆ ಏನಾಗಿತ್ತು? ಒಂದು ಬೆರಳು ಸಾಕಿತ್ತಲ್ಲ!"

ಅವನು ನನ್ನ ಎಡಗೈ ನೋಡಿದ.

"ಬೇರೆಯವರ ಬೀಗ ನಾನು ಮುಟ್ಟಲ್ಲ ಅಣ್ಣಾ. ಒಂದ್ಸಲ ಮುಟ್ಟಿದ್ದು ಸಾಕು."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅಳು ಬಂತು, ತಡೆಯಲಿಲ್ಲ. ಅವನು ನೀರಿನ ಬಾಟಲಿ ಕೊಟ್ಟು, "ಇದನ್ನ ಮೇಸ್ತ್ರಿಗೆ ಹೇಳ್ಬೇಡಿ. ನಿಮ್ಮನ್ನ ಮನೇಲಿ ಕೂರಿಸಿಬಿಡ್ತಾರೆ. ನಾನಂತೂ ಹೇಳಲ್ಲ" ಎಂದ. ಎಷ್ಟು ಸಲೀಸಾಗಿ ಅಂದುಬಿಟ್ಟ! ನನಗೆ ಮೂರು ವರ್ಷ ಆಗದ್ದು.

ಸಂಜೆ ಅವನ ಕಾಗದಕ್ಕೆ ಸಹಿ ಹಾಕಿದೆ. ಕೆಳಗೆ, ಬೀಗ ತೆರೆದಿತ್ತು, ತಪ್ಪು ನನ್ನದು ಎಂದೂ ಬರೆದೆ. ಅವನಿಗೆ ಹೊಸ ಬೀಗ ಸಿಕ್ಕಿತು. ನನ್ನದನ್ನು ಮೇಸ್ತ್ರಿ ಒಂದು ತಿಂಗಳಿಗೆ ತೆಗೆದುಕೊಂಡರು.

ಮುಂದಿನ ಭಾನುವಾರ ಆ ಸಾಲು ಬಂತು. ಮೊದಲರ್ಧ ಕೆಮ್ಮಿಲ್ಲದೆ ದಾಟಿದೆ. ಹೆಂಡತಿ ಓರೆಗಣ್ಣಲ್ಲಿ ನೋಡಿದಳು. ಎರಡನೆಯ ಅರ್ಧಕ್ಕೆ, ನಮ್ಮ ತಪ್ಪನ್ನೂ ಕ್ಷಮಿಸು ಎನ್ನಲು ಬಾಯಿ ತೆರೆದೆ, ದನಿಯೇ ಹೊರಡಲಿಲ್ಲ.

ಅವಳು ನನ್ನ ಮೂರು ಬೆರಳು ಹಿಡಿದುಕೊಂಡು, ನನ್ನ ಪಾಲಿನದನ್ನೂ ತಾನೇ ಹೇಳಿದಳು.