ಕಲ್ಲಿನಿಂದ ತೆಗೆದ ಮಾತು

ಸಮಾಧಿಗಲ್ಲು ಕೆತ್ತುವ ಆ ಮನೆಯಲ್ಲಿ ಒಂದು ಪದ್ಧತಿ. ಗಿರಾಕಿ ಬಾರದ ದಿನ ಕೈಕಟ್ಟಿ ಕೂರುವಂತಿಲ್ಲ; ಎಲ್ಲರೂ ಕೇಳುವ ಸಾಲನ್ನು ಮೊದಲೇ ಕೆತ್ತಿ, ಹೆಸರಿಗೆ ಜಾಗ ಬಿಟ್ಟು, ಕಲ್ಲನ್ನು ಗೋಡೆಗೆ ಒರಗಿಸಿಡಬೇಕು. ‘ಎಂದೆಂದಿಗೂ ನೆಮ್ಮದಿಯ ನಿದ್ದೆ.’ ಆ ಸಾಲು ಕೆತ್ತುವುದರಲ್ಲಿ ಸೊಸೆಯದು ಎತ್ತಿದ ಕೈ.

ಒಮ್ಮೆ ಹಾಗೆ ಒಂದು ಪುಟ್ಟ ಕಲ್ಲಿನ ಮುಂದೆ ಕೂತಿದ್ದಾಗ ಅವಳ ಆರು ವರ್ಷದ ಮಗಳು, ಮನೆಮಂದಿಯ ಬಾಯಲ್ಲಿ ‘ಪ್ರಶ್ನೆಬುಟ್ಟಿ’, ಕಲ್ಲುಪುಡಿಯಲ್ಲಿ ಬೆರಳಾಡಿಸುತ್ತ ಕೇಳಿದಳು:

“ಅಮ್ಮಾ, ಎಂದೆಂದಿಗೂ ಅಂದ್ರೆ ಎಷ್ಟು ದಿನ?”

“ಮುಗಿಯೋದೇ ಇಲ್ಲ ಕಣೇ.”

“ಆಮೇಲೆ?”

“ಆಮೇಲೂ ಅದೇ. ತಲೆ ತಿನ್ಬೇಡ, ಉಳಿ ಜಾರುತ್ತೆ.”

ಮಗುವಿನ ಮುಖ ಸುಣ್ಣವಾಯಿತು. “ನಂಗೆ ಬೇಡಮ್ಮ ಅಷ್ಟೊಂದು ನಿದ್ದೆ” ಎಂದು ಅಮ್ಮನ ಮಡಿಲಿಗೆ ತಲೆ ಹುದುಗಿಸಿ ನಡುಗಿದಳು. ಅಮ್ಮ ನಕ್ಕು, ಒಂದು ಕೈಯಲ್ಲಿ ಅವಳ ಬೆನ್ನು ತಟ್ಟಿ, ಮತ್ತೆ ಸುತ್ತಿಗೆ ಹಿಡಿದಳು. ಮಾತು ಆಡಿದರೆ ಹೋಯಿತು.

ತಿಂಗಳು ತುಂಬುವುದರೊಳಗೆ ಮೂರು ದಿನದ ಜ್ವರ ಮಗಳನ್ನು ಕೊಂಡೊಯ್ದಿತು. ಗೋಡೆಗೊರಗಿದ್ದವುಗಳಲ್ಲಿ ಪುಟ್ಟ ಕಲ್ಲು ಅಮ್ಮ ಅಂದು ಕೆತ್ತಿದ್ದ ಅದೊಂದೇ. ಮಾವ ಅದನ್ನು ಮಲಗಿಸಿ ಹೆಸರು ಕೆತ್ತಲು ಕೂತಾಗ ಸೊಸೆ ಉಳಿಗೆ ಅಡ್ಡ ಕೈಯಿಟ್ಟಳು.

“ಆ ಸಾಲು ಬೇಡ ಮಾವ. ಅವಳು ಹೆದರ್ತಾಳೆ.”

“ಹುಚ್ಚಿ, ಒರೆಸಿದ್ರೆ ಹೋಗೋಕೆ ಇದೇನು ಸ್ಲೇಟೇನಮ್ಮ?”

ಅಕ್ಷರ ಹೋಗಬೇಕಾದರೆ ಅದರ ಆಳದಷ್ಟೂ ಕಲ್ಲಿನ ಮೈ ಸವೆಯಬೇಕು. ಅವಳೋ ಬೇರೆಯವರಿಗಿಂತ ಆಳವಾಗಿ ಕೆತ್ತುವವಳು. ಅವಳ ಕೈಗುಣವೇ ಈಗ ಅವಳಿಗೆ ವೈರಿ. ಉಜ್ಜುಗಲ್ಲು ಹಿಡಿದು ಐದು ದಿನ ಉಜ್ಜಿದಳು. ಬೆರಳ ತುದಿಯ ಚರ್ಮ ಎದ್ದುಬಂತು. ಊಟದ ತಟ್ಟೆ ಹಿಡಿದು ಬಂದ ಗಂಡ ಅದನ್ನು ಬದಿಗಿಟ್ಟು, ಕಲ್ಲಿಗೆ ನೀರು ಹೊಯ್ಯುತ್ತ ಕೂತ.

ಆರನೆಯ ದಿನ ಅವಳು ಬೋಳು ಕಲ್ಲಿನ ಮೇಲೆ ಮಗಳ ಹೆಸರನ್ನೂ, ಅದರ ಕೆಳಗೆ ಹೊಸ ಸಾಲನ್ನೂ ಕೆತ್ತಿದಳು: ‘ಅಮ್ಮ ಪಕ್ಕದಲ್ಲೇ ಇದ್ದಾಳೆ.’

ಮಾವ ಕನ್ನಡಕ ಒರೆಸಿಕೊಂಡರು. “ಕಲ್ಲಿನ ಮೇಲೆ ಸುಳ್ಳು ಬರೀಬಾರದು ಕಣಮ್ಮ.”

“ಎಂದೆಂದಿಗೂ ಅನ್ನೋದನ್ನ ನೋಡ್ಕೊಂಡು ಬಂದೋರು ಯಾರಿದ್ದಾರೆ ಮಾವ? ಅದನ್ನ ಇಷ್ಟು ವರ್ಷ ಬರೆದ್ವಲ್ಲ.”

ಮಾವ ಕಲ್ಲಿನ ಮೇಲಿನ ಪುಡಿಯನ್ನು ಊದಿ ತೆಗೆದರು.

ಕಲ್ಲು ಸವೆದು ತೆಳ್ಳಗಾಗಿತ್ತು; ಎದೆಗವಚಿಕೊಂಡು ಅವಳೊಬ್ಬಳೇ ಹೊತ್ತಳು. ಮಗಳ ಸಮಾಧಿಯ ತಲೆಯ ಬಳಿ ತೋಡಿದ್ದ ಗುಳಿಯಲ್ಲಿ ನಿಲ್ಲಿಸಿ, ಸುತ್ತ ಮಣ್ಣು ಒತ್ತಿ, ಪಕ್ಕದಲ್ಲೇ ಕೂತುಬಿಟ್ಟಳು. ಹೊತ್ತು ಇಳಿಯಿತು.

“ಬಾ, ಮನೆಗೆ ಹೋಗೋಣ” ಎಂದ ಗಂಡ.

“ನೀವು ನಡೀರಿ. ಈಗಷ್ಟೇ ಬರೆದಿದ್ದೀನಿ, ಈಗಲೇ ಹೇಗೆ ಎದ್ದು ಬರ್ಲಿ?”