ಎರಡೂ ಕೈ ಪೈಪಿನ ಮೇಲೆ

ಕಿಲ್ಟ್ ಎಂಬ ಮಂಡಿಯುದ್ದದ ಉಣ್ಣೆಯ ಲಂಗ ಉಟ್ಟ ಗಂಡಸನ್ನು ಕಂಡರೆ ಕೆಲವರ ಬಾಯಿ ಸುಮ್ಮನಿರುವುದಿಲ್ಲ. ಒಳಗೆ ಏನು ಹಾಕಿದ್ದೀರಿ ಎಂದು ಕೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಪ್ಯಾಂಟಿನ ಬಗ್ಗೆ ಹಾಗೆ ವಿಚಾರಿಸಿದರೆ ಪೊಲೀಸರನ್ನು ಕರೆದಾರು. ಕಿಲ್ಟ್ ಆದರೆ ಮಾತ್ರ ಅದು ತಮಾಷೆಯಂತೆ.

ನಮ್ಮ ಕ್ರೀಫ್ ಊರಿನ ಗಂಡಸರು ಒಬ್ಬೊಬ್ಬರೂ ಒಂದೊಂದು ಉತ್ತರ ಇಟ್ಟುಕೊಂಡಿದ್ದಾರೆ. ನನ್ನ ಮೈದುನ ‘ನನ್ನ ಹೆಂಡತಿನ ಕೇಳಿ’ ಎನ್ನುತ್ತಾನೆ. ಅಂಚೆಯ ಅಲಿಸ್ಟರ್ ಕೇಳಿದವರ ಒಳಉಡುಪಿನ ವಿಚಾರವನ್ನೇ ತಿರುಗಿಸಿ ಕೇಳುತ್ತಾನೆ. ನನ್ನ ಗಂಡ ಡೂಗಲ್ ಮಾತ್ರ ಎದೆಯುಬ್ಬಿಸಿ, ‘ಧೈರ್ಯ ಇದ್ರೆ ನೋಡ್ಕೊಳ್ಳಿ’ ಎಂದುಬಿಡುತ್ತಾನೆ. ಮದುವೆಗಳಲ್ಲಿ ಬ್ಯಾಗ್‌ಪೈಪ್ ಎಂಬ ಗಾಳಿಚೀಲದ ವಾದ್ಯ ನುಡಿಸುವ ಮನುಷ್ಯ. ಹೋದಲ್ಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಒಬ್ಬಿಬ್ಬರು ಕುಡಿದವರು ನೋಡಿಯೂ ಇದ್ದಾರೆ. ಹಳೆಯ ಪದ್ಧತಿಯಂತೆ ಒಳಗೆ ಏನೂ ಹಾಕದವನಾದ್ದರಿಂದ ನೋಡಿದವರೇ ಮುಖ ಕೆಂಪಗೆ ಮಾಡಿಕೊಂಡು ಹೋಗಿದ್ದಾರೆ. ನಾನು ಸಿಡುಕಿದರೆ, ಈ ಬಟ್ಟೆ ಉಟ್ಟ ಮೇಲೆ ಇದೂ ಅದರ ಜೊತೆಗೇ ಬರುತ್ತೆ ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದ.

ಈ ವರ್ಷ ಈಸ್ಟರ್ ಕಳೆದ ಮೇಲೆ ಅವನ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. ಗಡ್ಡೆ ಪೂರ್ತಿ ಹೋಯಿತು ಎಂದರು ಡಾಕ್ಟರು. ಆದರೆ ಮೂತ್ರ ಅವನ ಮಾತು ಕೇಳುವುದನ್ನು ನಿಲ್ಲಿಸಿತು. ಕೆಮ್ಮಿದರೆ ಸೋರುತ್ತದೆ, ನಕ್ಕರೆ ಸೋರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಪೈಪಿಗೆ ಉಸಿರು ತುಂಬುವಾಗ ಸೋರುತ್ತದೆ. ಆ ಚೀಲಕ್ಕೆ ಗಾಳಿ ಊದಲು ಹೊಟ್ಟೆಯ ಶಕ್ತಿಯೆಲ್ಲ ಬೇಕು. ಮಕ್ಕಳಿಗೆ ಹಾಕುವಂಥ ದಪ್ಪನೆಯ ಬಿಳಿ ಪ್ಯಾಡ್ ಚಡ್ಡಿ ಹಾಕಿಕೊಳ್ಳಬೇಕಾಯಿತು. ಅಬರ್ಡೀನಿನಲ್ಲಿರುವ ಮಗಳು ಕರ್ಸ್ಟಿಗೆ ಹರ್ನಿಯಾ ಆಪರೇಷನ್ ಎಂದು ಹೇಳಿದ್ದ. ಅವಳ ಮದುವೆ ಸೆಪ್ಟೆಂಬರಿಗೆ ಗೊತ್ತಾಗಿತ್ತು.

“ಮದುವೆ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ,” ಎಂದ. “ಅವತ್ತೊಂದು ದಿನ ಅವಳ ಕಣ್ಣಿಗೆ ನಾನು ರೋಗಿ ಆಗಬಾರದು. ಅಷ್ಟು ಮಾಡಿಕೊಡು, ಐಲ್ಸಾ.”

ಪ್ಯಾಂಟ್ ಹಾಕಿಕೊಂಡು ಹೋಗು ಎಂದು ಬೇಡಿಕೊಂಡೆ. ಪೈಪರ್ ಡೂಗಲ್ ಮಗಳ ಮದುವೆಗೆ ಪ್ಯಾಂಟಿನಲ್ಲಿ ಬಂದರೆ ಯಾಕೆ ಎಂದು ಊರೆಲ್ಲ ಕೇಳುತ್ತದೆ ಎಂದ. ಹಾಗಾದರೆ ಪ್ಯಾಡಿನ ಮೇಲೊಂದು ಕರಿ ಚಡ್ಡಿಯಾದರೂ ಹಾಕು ಎಂದೆ. ಅಷ್ಟು ಮಾರು ಉಣ್ಣೆಯ ಕೆಳಗೆ ಎರಡು ಪದರ ಹಾಕಿದರೆ ಬೆಂದೇ ಹೋಗುತ್ತೇನೆ ಎಂದು ನಕ್ಕ. ನಕ್ಕದ್ದಕ್ಕೆ ಪ್ಯಾಡ್ ಬದಲಿಸಬೇಕಾಯಿತು.

ಚರ್ಚಿನ ಕೆಲಸ ಚೆನ್ನಾಗಿಯೇ ಆಯಿತು. ಹೋಟೆಲಿನ ಅಂಗಳದಲ್ಲಿ ಎಲ್ಲರ ಕೈಗೂ ಗ್ಲಾಸು ಬಂದಿತ್ತು. ಮದುಮಗನ ಸೋದರತ್ತೆ ಗ್ಲೆಂಡಾ ಲೀಡ್ಸಿನಿಂದ ಬಂದವಳು, ಕಿಲ್ಟಿನ ಮದುವೆ ಅವಳಿಗೆ ಇದೇ ಮೊದಲು. ಒಳ್ಳೆಯ ಹೆಂಗಸೇ, ಬಾಯಿ ಮಾತ್ರ ದೊಡ್ಡದು. ನೇರ ಡೂಗಲ್ ಎದುರು ನಿಂತು ಆ ಪ್ರಶ್ನೆ ಕೇಳಿದಳು. ಅವನ ಗೆಳೆಯರೆಲ್ಲ ಉತ್ತರಕ್ಕಾಗಿ ತಿರುಗಿದರು. ಅವರಿಗೆ ಅದು ಬಾಯಿಪಾಠ. ಒಂದು ಗಳಿಗೆ ಡೂಗಲ್ ನನ್ನ ಮುಖ ನೋಡಿದ. ಆ ಉತ್ತರ ಕೊಡದಿದ್ದರೆ ಇವನಿಗೇನಾಗಿದೆ ಎಂದು ಅವರೇ ಕೇಳುತ್ತಿದ್ದರು.

“ಧೈರ್ಯ ಇದ್ರೆ ನೋಡ್ಕೊಳ್ಳಿ ಗ್ಲೆಂಡಾ,” ಎಂದ, ಎಂದಿಗಿಂತ ಜೋರಾಗಿ. “ನಾನೇನು ಬೇಡ ಅಂದ್ನಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಊಟಕ್ಕೆ ಮದುಮಕ್ಕಳನ್ನು ಕರೆತರುವುದು ಪೈಪರ್‌ನ ಕೆಲಸ. ಅವನು ನುಡಿಸುತ್ತ ಮುಂದೆ, ಅವರಿಬ್ಬರು ಹಿಂದೆ. ಬಂದವರೆಲ್ಲ ಎದ್ದು ನಿಂತು ತಾಳಕ್ಕೆ ಚಪ್ಪಾಳೆ ತಟ್ಟಬೇಕು. ಕೊಳವೆ ಬಾಯಲ್ಲಿ, ಚೀಲ ಕಂಕುಳಲ್ಲಿ, ಎರಡು ಕೈಯ ಬೆರಳುಗಳೂ ತೂತುಗಳ ಮೇಲೆ. ಶುರು ಮಾಡಿದ ಮೇಲೆ ಮದುಮಗಳು ತನ್ನ ಕುರ್ಚಿಯಲ್ಲಿ ಕೂರುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಪೈಪು ಸಾಯುವ ಆಡಿನಂತೆ ಅರಚುತ್ತದೆ, ಮದುವೆಗೆ ಅದು ಅಪಶಕುನ ಎನ್ನುತ್ತಾರೆ. ಡೂಗಲ್ ಅಂದು ತುಂಬ ಚೆನ್ನಾಗಿ ನುಡಿಸಿದ. ಹಿಂದೆ ಬರುತ್ತಿದ್ದ ಕರ್ಸ್ಟಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು.

ಗ್ಲೆಂಡಾಳ ಟೇಬಲ್ ದಾರಿಯ ಪಕ್ಕದಲ್ಲೇ ಇತ್ತು. ಒಂದು ಕೈಯಲ್ಲಿ ಫೋನ್ ಹಿಡಿದು, ಬಾಗಿ, ಇನ್ನೊಂದು ಕೈಯಿಂದ ಅವನ ಕಿಲ್ಟನ್ನು ಹಿಂದಿನಿಂದ ಸೊಂಟದವರೆಗೆ ಎತ್ತಿದಳು.

ಪ್ಯಾಡ್ ಒದ್ದೆಯಾಗಿ ಜೋತುಬಿದ್ದಿತ್ತು. ಮೊದಲು ಒಂದಿಬ್ಬರು ನಕ್ಕರು, ಇದೂ ಒಂದು ವೇಷ ಅಂದುಕೊಂಡಿರಬೇಕು. ಆಮೇಲೆ ಅರ್ಥವಾಯಿತು, ಚಪ್ಪಾಳೆ ಅಲ್ಲಲ್ಲೇ ಕಡಿಯಿತು. ಡೂಗಲ್ ಅವಳ ಕೈ ತಳ್ಳುವಂತಿರಲಿಲ್ಲ, ಬಾಯಿಬಿಟ್ಟು ‘ಬಿಡು’ ಎನ್ನುವಂತೆಯೂ ಇರಲಿಲ್ಲ. ಒಂದು ಸ್ವರ ತಪ್ಪದೆ ನುಡಿಸುತ್ತ ನಡೆದ. ತಪ್ಪಿದ್ದರೇ ಚೆನ್ನಾಗಿತ್ತು ಅನಿಸಿತು ನನಗೆ. ಗ್ಲೆಂಡಾ ಬಟ್ಟೆ ಕೈಬಿಡಲೂ ತೋಚದೆ ಎರಡು ಹೆಜ್ಜೆ ಅವನ ಜೊತೆಗೇ ಬಂದಳು, ಆಮೇಲೆ ಮಲಗಿದ ಮಗುವಿಗೆ ಹೊದಿಸುವಂತೆ ಮೆಲ್ಲಗೆ ಇಳಿಬಿಟ್ಟಳು.

ಕರ್ಸ್ಟಿ ಎಲ್ಲವನ್ನೂ ಕಂಡಳು. ಅವಳಷ್ಟು ಹತ್ತಿರ ಯಾರೂ ಇರಲಿಲ್ಲ.

ನಾನು ತಟ್ಟೆ ನೋಡುತ್ತ ನಿಂತೆ. ನಾಚಿಕೆಯಿಂದ ಕಿವಿಯ ತನಕ ಸುಡುತ್ತಿತ್ತು. ಅದು ಅವನಿಗಾಗಿ ಹುಟ್ಟಿದ ನಾಚಿಕೆ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ಅಲ್ಲ; ಈಗ ಎಲ್ಲರೂ ನನ್ನತ್ತ ತಿರುಗುತ್ತಾರಲ್ಲ ಎಂಬುದೇ ಮೊದಲು ಹೊಳೆದದ್ದು. ಅದಕ್ಕೆ ಇನ್ನೂ ನಾಚುತ್ತೇನೆ.

ಪೈಪ್ ನಿಂತ ಮೇಲೆ ಮದುಮಗಳು ಪೈಪರ್‌ಗೆ ಒಂದು ಬಟ್ಟಲು ವಿಸ್ಕಿ ಕೊಡುವುದು ಪದ್ಧತಿ. ಕರ್ಸ್ಟಿ ಕೊಟ್ಟಳು. ಡೂಗಲ್ ಒಂದೇ ಗುಟುಕಿಗೆ ಕುಡಿದು ಬಟ್ಟಲು ಬೋರಲು ಹಾಕಿ ತೋರಿಸಿದ. ಚಪ್ಪಾಳೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಬಿತ್ತು. ಅವನು ಪೈಪನ್ನು ಕುರ್ಚಿಯ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ಬೇರೆ ಪ್ಯಾಡಿನ ಚೀಲ ಹಿಡಿದು ಹೋದಾಗ ನಮ್ಮ ಕಾರಿಗೆ ಒರಗಿ ನಿಂತಿದ್ದ. ನಾನು ಗ್ಲೆಂಡಾಳ ವಂಶವನ್ನೆಲ್ಲ ಬೈದೆ.

“ಅವಳನ್ನ ಬೈಬೇಡ,” ಎಂದ. “ಕರೆದೋನು ನಾನು. ಇಷ್ಟು ವರ್ಷ ಎಲ್ಲರನ್ನೂ ಕರೀತಾನೇ ಬಂದೆ.”

“ಕರೆದ್ರೆ ಬಂದುಬಿಡೋದಾ? ಬಾಯುಪಚಾರಕ್ಕೆ ಬನ್ನಿ ಅಂದ್ರೆ ಯಾರಾದ್ರೂ ಮಲಗೋ ಕೋಣೆಗೆ ನುಗ್ತಾರಾ?”

“ಯಾರೂ ನಗ್ಲಿಲ್ಲ, ಐಲ್ಸಾ. ನಕ್ಕಿದ್ರೆ ನಾನೂ ನಕ್ಕು ಮುಗಿಸಿಬಿಡ್ತಿದ್ದೆ.”

ಅಷ್ಟರಲ್ಲಿ ಗ್ಲೆಂಡಾ ಬಂದಳು, ಕಣ್ಣಿನ ಕಪ್ಪೆಲ್ಲ ಕೆನ್ನೆಗೆ ಇಳಿದಿತ್ತು. ವಿಡಿಯೊ ಅಳಿಸಿದ್ದೇನೆ, ಬೇಕಾದರೆ ನೋಡಿ ಎಂದು ಫೋನ್ ಚಾಚಿದಳು. “ನಂಗೆ ಗೊತ್ತಿರ್ಲಿಲ್ಲ. ನಮ್ಮಪ್ಪನಿಗೂ ಕೊನೆಕೊನೆಗೆ ಹೀಗೇ ಆಗಿತ್ತು,” ಎಂದು ಬಿಕ್ಕಿದಳು. ಡೂಗಲ್‌ಗೆ ಇನ್ನೂ ಅರವತ್ತು ತುಂಬಿಲ್ಲ. ಆದರೂ ಅವಳ ಬೆನ್ನು ತಟ್ಟಿದ, ಏನೂ ಆಗಲಿಲ್ಲ ಒಳಗೆ ಹೋಗಿ ಊಟ ಮಾಡಿ ಎಂದ. ಬೆತ್ತಲಾದವನು ಇವನು, ಸಮಾಧಾನ ಅವಳಿಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ಒಳಗೆ ಬಂದು ತಂದೆಯ ಭಾಷಣವನ್ನೂ ಮಾಡಿದ. ನಗೆ ಬರದ ಮಾತಿಗೂ ಜನ ನಕ್ಕರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಕಿಲ್ಟ್ ಉಟ್ಟ ಗಂಡಸರೆಲ್ಲ ಮಂಡಿ ಕೂಡಿಸಿ, ಬಟ್ಟೆ ಕೆಳಗೆ ಎಳೆದುಕೊಂಡು ಕೂತಿದ್ದರು.

ಕುಣಿತ ಶುರುವಾಯಿತು. ಮದುಮಗಳ ಮೊದಲ ಕುಣಿತ ಗಂಡನ ಜೊತೆ, ಎರಡನೆಯದು ಅಪ್ಪನ ಜೊತೆ. ಡೂಗಲ್ ಹೆದರುತ್ತಲೇ ಎದ್ದ, ಆದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮುಖ ತಿಳಿಯಾಯಿತು. ಕೈ ಕೈ ಹಿಡಿದು ಗಿರಗಿರನೆ ತಿರುಗುವ ಘಟ್ಟ ಬಂದಾಗ ಅವನೇ ಕೈ ಚಾಚಿದ.

“ಬೇಡಪ್ಪ,” ಎಂದಳು ಕರ್ಸ್ಟಿ, ಮೆತ್ತಗೆ. “ಹೊಸ ಶೂ, ತುಂಬಾ ಕಚ್ತಿದೆ.”

ಅಕಾರ್ಡಿಯನ್ ನುಡಿಸುವವನಿಗೆ ಅವಳು ಕಣ್ಣಲ್ಲೇ ಏನೋ ಹೇಳಿದಳು, ಹಾಡು ನಿಧಾನವಾಯಿತು. ಮುದುಕರನ್ನು ರಸ್ತೆ ದಾಟಿಸುವಂತೆ ಅವನ ಮೊಣಕೈಗೆ ಕೈ ಕೊಟ್ಟು ಒಂದು ಸುತ್ತು ನಡೆಸಿ, ನನ್ನ ಪಕ್ಕದ ಕುರ್ಚಿಗೆ ತಂದು ಕೂರಿಸಿದಳು. ಅವನ ಕಿವಿಯ ಬಳಿ ಬಾಗಿ, ಬಾತ್‌ರೂಮಿಗೆ ಹೋಗಬೇಕಾ ಅಪ್ಪ, ನಾನು ಜೊತೆಗೆ ಬರಲಾ ಎಂದು ಕೇಳಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಅವನ ಹಣೆಗೆ ಮುತ್ತಿಟ್ಟು ಹೋದಳು.

ಮುಂದಿನ ಹಾಡು ಜೋರಿನದು. ಕರ್ಸ್ಟಿ ಗಂಡನ ಕೈ ಹಿಡಿದು ತಿರುಗಿದಳು, ನನ್ನ ಮೈದುನನ ಕೈ ಹಿಡಿದು ತಿರುಗಿದಳು, ಅಂಚೆಯ ಅಲಿಸ್ಟರ್ ಕೈಗೆ ಸಿಕ್ಕಾಗ ಬಿಳಿ ಲಂಗ ಛತ್ರಿಯಂತೆ ಅರಳಿತು. ಡೂಗಲ್ ಅವಳ ಕಾಲುಗಳನ್ನೇ ನೋಡುತ್ತಿದ್ದ.

“ಅವಳಿಗೆ ಶೂ ಕಚ್ತಿದೆಯಂತೆ,” ಎಂದ.

“ಹೌದಂತೆ,” ಎಂದೆ.